ಊರನೆಂಟನಿಗೆ ಕೆಲಸ ಹೇಳಬಾರದು

ನಮ್ಮೂರಲ್ಲಿ ಕೆಲಸ ಕಳೆದುಕೊಂಡವನಿಗೆ ವರ್ಷ ತುಂಬಿದರೆ ಊರವರು ವಾಲಗ ಊದಿಸಿಕೊಂಡು ಮನೆಗೆ ಬಂದು ಶಾಲು ಹೊದಿಸುತ್ತಾರೆ. ನನಗೂ ಹೊದಿಸಿದರು. ಆ ಹೊತ್ತಿಗೆ ನಾನು ಪಟ್ಟಾಪಟ್ಟಿ ಚಡ್ಡಿಯಲ್ಲಿ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತಿದ್ದೆ. ಊರ ಯಜಮಾನರು "ಜವರಪ್ಪನವರು ಇವತ್ತಿಂದ ನಮ್ಮ ಊರನೆಂಟರು" ಎಂದು ಸಾರಿದಾಗ ಎರಡು ಒಳ್ಳೆಯ ಮಾತು ಆಡೋಣವೆಂದರೆ ಬಾಯ್ತುಂಬ ನೊರೆ. ಉಗುಳೋಣವೆಂದರೆ ಎದುರಿಗೆ ಅರ್ಧ ಊರು ನಿಂತಿದೆ. ನುಂಗಿ ಕೈ ಮುಗಿದೆ. ಜನ ಅದನ್ನೇ ದುಃಖ ನುಂಗಿದ್ದು ಅಂದುಕೊಂಡು ಕಣ್ಣೊರೆಸಿಕೊಂಡರು.

ಊರನೆಂಟನಿಗೆ ಯಾರೂ ಕೆಲಸ ಹೇಳಬಾರದು, ಬೈಯಬಾರದು, ಏಕವಚನದಲ್ಲಿ ಮಾತಾಡಿಸಬಾರದು. ಬಂದರೆ ಎದ್ದು ಕುರ್ಚಿ ಕೊಡಬೇಕು, ಪಂಕ್ತಿಯಲ್ಲಿ ಮೊದಲ ಎಲೆ ಅವನಿಗೇ ಹಾಕಬೇಕು. ಯಾರಾದರೂ ಬಾಯಿ ತಪ್ಪಿ "ಆ ಚೊಂಬು ಇತ್ತ ಕೊಡು" ಅಂದರೋ, ಮುಗಿಯಿತು, ಅಂದವರೇ ಅವನನ್ನು ಖಾಯಮ್ಮಾಗಿ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಅವನೂ ಅಷ್ಟೇ, ಹೇಳಿದ ಆ ಮೊದಲ ಕೆಲಸವನ್ನು ಮುಗಿಸಿಯೇ ಕೈ ತೆಗೆಯಬೇಕು, ನಡುವೆ ಬಿಟ್ಟರೆ ಮತ್ತೆ ನೆಂಟ. ಪಾಪ ಅಂತ ಕನಿಕರದಿಂದ ಹೇಳಿದ್ದು ನಡೆಯುವುದಿಲ್ಲ. ಮನೆಯವರು ಹೇಳಿದ್ದೂ ನಡೆಯುವುದಿಲ್ಲ. ಹೇಳಿದವರಿಗೆ ಆ ಗಳಿಗೆಯಲ್ಲಿ ನಿಜವಾಗಿ ಇನ್ನೆರಡು ಕೈ ಬೇಕಾಗಿರಬೇಕು. ಹಾಗಾಗಿ ನಮ್ಮೂರವರು ನೆಂಟ ಎದುರಾದರೆ ತುಂಬ ಯೋಚನೆ ಮಾಡಿ ಬಾಯಿ ಬಿಡುತ್ತಾರೆ.

ನನ್ನ ಹಳೆಯ ಕೆಲಸ ಏನೆಂದು ಕೇಳಿದರೆ ನೀವು ನಗುತ್ತೀರಿ, ನಗಿ. ಊರಾಚೆಯ ಟ್ರಂಕು ಕಾರ್ಖಾನೆಯಲ್ಲಿ ನಾನು ಕೂರುವವನಾಗಿದ್ದೆ. ತಗಡಿನ ಟ್ರಂಕು ತಯಾರಾಗಿ ಬಂದ ಮೇಲೆ ಅದರ ಮೇಲೆ ಕೂತು ನೋಡುವುದು. ಮುಚ್ಚಳ ತಗ್ಗಿದರೆ ವಾಪಸ್ಸು, ತಗ್ಗದಿದ್ದರೆ ಪಾಸು. ಬಸ್ ಸ್ಟ್ಯಾಂಡಿನಲ್ಲಿ ಜನ ಟ್ರಂಕಿನ ಮೇಲೇ ಕೂತು ಬಸ್ಸು ಕಾಯುತ್ತಿದ್ದ ಕಾಲ ಅದು, ನನಗೂ ಒಂದು ಬೆಲೆಯಿತ್ತು. ಆಮೇಲೆ ಎಲ್ಲರೂ ಗಾಲಿಯ ಸೂಟ್‌ಕೇಸು ಎಳೆಯತೊಡಗಿದರು, ಕಾರ್ಖಾನೆಗೆ ಬೀಗ ಬಿತ್ತು. ತಗಡು ಕತ್ತರಿಸುವವರು, ಬೆಸುಗೆ ಹಾಕುವವರು, ಮುಚ್ಚಳದ ಮೇಲೆ ಗುಲಾಬಿ ಹೂವು ಬರೆಯುವವರು ಎಲ್ಲರೂ ಎಲ್ಲೆಲ್ಲೋ ಸೇರಿಕೊಂಡರು. ಕೂರುವುದೊಂದನ್ನೇ ಬಲ್ಲವನನ್ನು ಯಾರು ಸೇರಿಸಿಕೊಳ್ಳುತ್ತಾರೆ ಹೇಳಿ? ಹೋದ ಕಡೆಯಲ್ಲೆಲ್ಲ "ಕೂತ್ಕೊಂಡಿರಿ, ಹೇಳಿ ಕಳಿಸ್ತೀವಿ" ಅಂದರು. ಕೂತೆ. ಯಾರೂ ಹೇಳಿ ಕಳಿಸಲಿಲ್ಲ.

ನಿಜ ಹೇಳುತ್ತೇನೆ, ನೆಂಟನಾದ ಹೊಸತರಲ್ಲಿ ಸುಖವಾಗಿಯೇ ಇತ್ತು. ಬೆಳಗ್ಗೆ ಶಾಲು ಹೊದ್ದು ಬೀದಿಗಿಳಿದರೆ ನಾಲ್ಕು ಮನೆಯಲ್ಲಿ ತಿಂಡಿ. ಎಲ್ಲರೂ "ಇನ್ನೊಂಚೂರು ಹಾಕಿಸ್ಕೊಳ್ಳಿ" ಅನ್ನುವವರೇ. ನಾನೂ ಬಿಡಲಿಲ್ಲ. ನೋಡನೋಡುತ್ತಾ ಊರಿನ ಉಪ್ಪಿಟ್ಟುಗಳ ಬಗ್ಗೆ ನನಗೊಂದು ಅಭಿಪ್ರಾಯ ಬೆಳೆಯಿತು. ಒಂದು ದಿನ ಯಾರದೋ ಜಗಲಿಯ ಮೇಲೆ ಕೂತು, "ರವೆ ಇನ್ನೂ ಸ್ವಲ್ಪ ಹುರೀಬೇಕಿತ್ತು ತಾಯಿ" ಎಂದು ಬುದ್ಧಿ ಹೇಳಿದ್ದೂ ಉಂಟು. ಪಾಪ, ಆ ಹೆಣ್ಣುಮಗಳು ಬೈಯುವಂತಿಲ್ಲವಲ್ಲ, ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಹೊರಗೆ ಬಂದ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಮಾರನೆಯ ದಿನ ಅದೇ ಮನೆಗೆ ಹೋದೆ, ಅಂದು ಅವರ ಮನೆಯಲ್ಲಿ ಕೇಸರಿಬಾತು.

ಕಷ್ಟವಾಗಿದ್ದು ನಮ್ಮ ಮನೆಯೊಳಗೆ. ನನ್ನ ಹೆಂಡತಿ ಹೊಂಬಮ್ಮ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಅವಳ ಬಾಯಿಗೆ ಮಕ್ಕಳಿರಲಿ, ಮಕ್ಕಳ ಅಪ್ಪಂದಿರೂ ಹೆದರುತ್ತಿದ್ದರು. ಮದುವೆಯಾದಾಗಿನಿಂದ ನನಗೆ ಅವಳ ಬೈಗುಳವಿಲ್ಲದೆ ಬೆಳಗಾದದ್ದಿಲ್ಲ. "ಏನ್ರೀ, ಕಿವೀನ ಬಾಡಿಗೆಗೆ ಕೊಟ್ಟಿದೀರಾ? ಆವಾಗಿಂದ ಬಡ್ಕೊಳ್ತಿದೀನಿ, ಸೊಪ್ಪು ತರೋಗ್ರೀ ಅಂತ!" ಎಂದು ಶುರುವಾದರೆ ಬೀದಿಯ ಕೊನೆಗೆ ಹೋಗುವವರೆಗೂ ಕೇಳಿಸುತ್ತಿತ್ತು. ಶಾಲು ಹೊದಿಸಿದ ಮಾರನೆಯ ಬೆಳಗ್ಗೆ ಅವಳು ಬಾಗಿಲ ಬಳಿ ನಿಂತು ಮೆಲ್ಲಗೆ, "ತಾವು ಸ್ನಾನಕ್ಕೆ ಏಳಬಹುದು, ನೀರು ಕಾದಿದೆ" ಅಂದಳು. ತಾವು! ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಗೋಡೆಯಿತ್ತು.

ಮಗಳು ಕೋಮಲಾಳದೂ ಅದೇ ಪಾಡು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ, "ಅಪ್ಪಾ, ನನ್ನ ಚಪ್ಪಲಿ ಎಲ್ಲೋಯ್ತು ನೋಡು" ಎಂದು ಮನೆಯೆಲ್ಲ ಕುಣಿಯುತ್ತಿದ್ದವಳು, ಈಗ ಚಪ್ಪಲಿಯನ್ನು ತಾನೇ ಹುಡುಕಿ ಮೆಟ್ಟಿಕೊಂಡು "ಬರ್ತೀನಿ, ತಾವು ಊಟ ಮಾಡಿ" ಎಂದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹೊಂಬಮ್ಮ ಅಕ್ಕಿ ಮೂಟೆಯನ್ನು ನಡುಮನೆಯಲ್ಲಿ ಒಬ್ಬಳೇ ಎಳೆಯುತ್ತಿದ್ದಳು. ನಾನು ಕುರ್ಚಿಯಿಂದ ಏಳಹೋದೆ. ಅವಳು ನಿಂತು ಸೆರಗಿನಿಂದ ಮುಖ ಒರೆಸಿಕೊಂಡು, "ತಾವು ಕಾಲು ಮೇಲಿಟ್ಕೊಳ್ಳಿ, ಮೂಟೆ ತಗಲುತ್ತೆ" ಅಂದಳು. ನಾನು ಕಾಲು ಮೇಲಿಟ್ಟುಕೊಂಡೆ. ಅವಳು ನನ್ನ ಕುರ್ಚಿಯನ್ನು ಬಳಸಿಕೊಂಡು ಮೂಟೆ ಎಳೆದುಕೊಂಡು ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಅಂದರೆ ರಾತ್ರಿಯದು. ಮಧ್ಯಾಹ್ನದ್ದು ಆಗಲೇ ಆಗಿತ್ತು.

ಹಾಗಂತ ಕೆಲಸಕ್ಕಾಗಿ ನಾನು ಹಾತೊರೆಯುತ್ತಿದ್ದೆ ಅಂದುಕೊಳ್ಳಬೇಡಿ. ಕೆಲಸವೆಂದರೆ ಒಳಗೊಳಗೇ ಪುಕಪುಕ ಶುರುವಾಗಿತ್ತು. ಎಷ್ಟೋ ಕಾಲ ಸುಮ್ಮನಿದ್ದ ಕೈಗೆ ನಾಳೆ ಯಾರಾದರೂ ಏನಾದರೂ ಹೇಳಿದರೆ ಅದು ಬಂದೀತೇ? ಇನ್ನು ನನ್ನ ಕಥೆ ಇಷ್ಟೇ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ಒಪ್ಪಿಕೊಂಡವನಿಗೆ ಊರಲ್ಲಿ ಇನ್ನೂ ಹೆಚ್ಚು ಮರ್ಯಾದೆ, ಬೋಂಡದ ಜೊತೆ ಚಟ್ನಿಯೂ ಬರುತ್ತಿತ್ತು.

ಅಷ್ಟರಲ್ಲಿ ಕೋಮಲಾಗೆ ಗಂಡು ಗೊತ್ತಾಯಿತು. ಅವಳ ಜೊತೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗ, ಒಳ್ಳೆಯವನು, ನನ್ನನ್ನು ಕಂಡರೆ ಅವನೂ ಎದ್ದು ನಿಲ್ಲುತ್ತಿದ್ದ. ಶಾಸ್ತ್ರದ ಮಾತು ಬಂದಾಗ ಯಜಮಾನರು ಗಂಟಲು ಸರಿ ಮಾಡಿಕೊಂಡರು. ನೆಂಟ ತೆಗೆದುಕೊಳ್ಳುವವನು, ಕೊಡುವವನಲ್ಲ. ನೆಂಟನಾಗಿರುವವನು ಮಗಳನ್ನು ಧಾರೆ ಎರೆದು ಕೊಡುವುದು ಹೇಗೆ? ಕೊನೆಗೆ ಹೊಂಬಮ್ಮನ ಅಣ್ಣ ಬೋರಣ್ಣ ಮತ್ತು ಅವನ ಹೆಂಡತಿ ಧಾರೆ ಎರೆಯುವುದು, ನಾನು ಮುಂದಿನ ಸಾಲಿನ ಮೊದಲ ಕುರ್ಚಿಯಲ್ಲಿ ಕೂರುವುದು ಎಂದಾಯಿತು. ಹೊಂಬಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಗಂಡ ನೆಂಟನಾದರೆ ಹೆಂಡತಿಗೂ ಹಸೆಮಣೆಯ ಬಳಿ ಜಾಗವಿಲ್ಲ.

ಎಲ್ಲರೂ ಹೋದ ಮೇಲೆ ಕೋಮಲ ಬಂದು ನನ್ನ ಪಕ್ಕ ನಿಂತಳು. "ಅಪ್ಪ, ಧಾರೆ ತಾವೇ ಎರೀಬೇಕು ಅಂತ ನಂಗಾಸೆ," ಅಂದಳು. "ಮಾವ ಒಳ್ಳೇವ್ರೇ. ಆದ್ರೂ ತಾವೇ ಎರೀಬೇಕು." ನಾನು ನೆಂಟನಾದ ಮೇಲೆ ಮಗಳು ನನ್ನ ಹತ್ತಿರ ಏನನ್ನೂ ಕೇಳಿರಲಿಲ್ಲ, ಕೇಳುವಂತಿರಲಿಲ್ಲ. ಮದುವೆಯೊಳಗೆ ಯಾರ ಬಾಯಿಂದಲಾದರೂ ಒಂದು ಕೆಲಸ ಹೇಳಿಸಿಕೊಂಡೇ ತೀರುತ್ತೇನೆ ಎಂದು ಅಂದೇ ನಿಶ್ಚಯಿಸಿದೆ.

ನೇರವಾಗಿ ಕೆಲಸ ಕೇಳಿದರೆ ತಿಂಡಿಯ ತಟ್ಟೆ ಬರುತ್ತದೆಂದು ಗೊತ್ತಿತ್ತು. ಆದ್ದರಿಂದ ಜನ ಅವಸರದಲ್ಲಿರುವ ಜಾಗಗಳನ್ನು ಹುಡುಕಿಕೊಂಡು ಹೋದೆ. ಒಂದು ಮನೆಗೆ ಹೆಂಚು ಹೊದಿಸುತ್ತಿದ್ದರು. ಸಾಲಾಗಿ ನಿಂತು ಹೆಂಚನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ನಾನು ಮೆಲ್ಲಗೆ ನುಸುಳಿ ಸಾಲಿನ ನಡುವೆ ನಿಂತೆ. ನನ್ನ ಎಡಗಡೆಯವನು ಹೆಂಚನ್ನು ನನ್ನ ಹೊಟ್ಟೆಯ ಮುಂದಿನಿಂದ ಚಾಚಿ ಬಲಗಡೆಯವನಿಗೆ ಕೊಟ್ಟ. ನನ್ನ ಹೊಟ್ಟೆ ಸಣ್ಣದಲ್ಲ, ಪಾಪ ಇಬ್ಬರಿಗೂ ಭುಜ ಕಿತ್ತುಹೋಗಿರಬೇಕು. ಆದರೂ "ಸ್ವಲ್ಪ ಪಕ್ಕಕ್ಕೆ ಸರಿ" ಎನ್ನಲಿಲ್ಲ. ಪಕ್ಕಕ್ಕೆ ಸರಿ ಅನ್ನುವುದೂ ಕೆಲಸ ಹೇಳಿದಂತೆ ಆಗಿಬಿಟ್ಟರೆ ಎಂಬ ಭಯ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳು ಅಜ್ಜಿ "ಈ ಗಂಟು ಒಂಚೂರು ಎತ್ತಿ..." ಎಂದು ಬಾಯಿ ತೆಗೆದಳು. ನಾನು ಓಡಿದೆ. ಹತ್ತಿರ ಹೋದ ಮೇಲೆ ಗುರುತು ಹಿಡಿದು, "ಅಯ್ಯೋ, ತಾವಾ?" ಎಂದು ಆ ಗಂಟಿನ ಮೇಲೇ ಕುಕ್ಕರಿಸಿಬಿಟ್ಟಳು.

ಕೊನೆಗೆ ಅಮೀರ್‌ಜಾನ್‌ನ ಸೈಕಲ್ ಶಾಪಿಗೆ ಹೋದೆ. ಅವನು ನನ್ನ ಬಾಲ್ಯದ ಗೆಳೆಯ, ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದ ಏಟು ತಿಂದವರು ನಾವು. ಪಂಕ್ಚರ್ ಹಾಕುತ್ತಿದ್ದ. ಪಂಪನ್ನು ಅವನ ಕೈಗೆ ಎಟುಕದಷ್ಟು ದೂರ ಸರಿಸಿ, ನಾನೇ ಅದರ ಪಕ್ಕ ನಿಂತೆ. ಅವನು ನನ್ನನ್ನು ನೋಡಿದ, ಪಂಪನ್ನು ನೋಡಿದ, ಎದ್ದು ಬಂದು ತಾನೇ ತೆಗೆದುಕೊಂಡ. "ತಾವು ಕೂತ್ಕೊಳ್ಳಿ ಜವರಪ್ಪನವ್ರೇ, ಟೀ ತರಿಸ್ತೀನಿ" ಅಂದ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ಅವರು ಹೋದ ಮೇಲೆ ಟ್ಯೂಬಿನ ಮೇಲಿಂದ ತಲೆ ಎತ್ತದೆ ಮೆತ್ತಗೆ ಮಾತಾಡಿದ. "ಲೋ, ನಂಗೂ ಮೂರ್ ಮಕ್ಳಿದಾವೆ ಕಣೋ. ಈ ಅಂಗ್ಡೀಲಿ ನಾನೇ ಒಂದ್ಸಲ ತಿರುಗಿದ್ರೆ ಗೋಡೆಗೆ ಬಡೀತೀನಿ. ನಿನ್ನ ಎಲ್ಲಿಡ್ಲಿ ಹೇಳು? ಸಿಟ್ ಮಾಡ್ಕೋಬೇಡ." ಅವನ ಕಣ್ಣಲ್ಲಿ ನೀರಿತ್ತು. ಇವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ? ಟೀ ಕುಡಿದು ಎದ್ದು ಬಂದೆ.

ಹೀಗೆ ಮದುವೆಯ ದಿನ ಬಂದೇಬಿಟ್ಟಿತು. ಛತ್ರದ ಮುಂದಿನ ಸಾಲಿನಲ್ಲಿ ನನ್ನನ್ನು ಕೂರಿಸಿ, ಹೆಗಲ ಮೇಲೆ ಶಾಲು ಸರಿಮಾಡಿ, ಕೈಗೊಂದು ನಿಂಬೆಹಣ್ಣು ಕೊಟ್ಟರು. ಬೋರಣ್ಣ ಪೇಟ ಸುತ್ತಿಸಿಕೊಳ್ಳುತ್ತಿದ್ದ. ಅವನೂ ಬಹಳ ಸಂಕೋಚದಲ್ಲಿದ್ದ, ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಹೊಂಬಮ್ಮ ಕಂಬದ ಪಕ್ಕ ಹೊಸ ರೇಷ್ಮೆ ಸೀರೆಯಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಸ್ವಂತ ಮಗಳ ಮದುವೆಯಲ್ಲಿ ಅಷ್ಟು ಸುಮ್ಮನೆ ನಿಂತ ತಾಯಿಯನ್ನು ನಾನು ಎಲ್ಲೂ ನೋಡಿಲ್ಲ. ನನಗೆ ಅಲ್ಲಿ ಕೂರಲು ಆಗಲಿಲ್ಲ. ಕೂರುವುದೇ ನನ್ನ ಕಸುಬಾಗಿತ್ತು ಅಂದೆನಲ್ಲ, ಆ ದಿನ ಅದೂ ಕೈಕೊಟ್ಟಿತು. ಒಬ್ಬನೇ ಅತ್ತು ಬರೋಣವೆಂದು ಹಿತ್ತಲ ಕಡೆ ನಡೆದೆ.

ಹಿತ್ತಲಲ್ಲಿ ಅಡುಗೆ ನಡೆಯುತ್ತಿತ್ತು. ನಮ್ಮೂರ ಮದುವೆಗಳಿಗೆಲ್ಲ ಅಡುಗೆ ಚಿಕ್ಕತಾಯಮ್ಮನದೇ. ಒನಕೆಯಂಥ ತೋಳು, ಅದಕ್ಕೆ ತಕ್ಕ ಗಂಟಲು. ಅವಳ ಕೈಕೆಳಗೆ ಕೆಲಸ ಮಾಡುವವರು ಬೈಸಿಕೊಂಡು ಬೈಸಿಕೊಂಡೇ ಸೊರಗಿರುತ್ತಿದ್ದರು. ಆದರೆ ಊರನೆಂಟನನ್ನು ಕಂಡರೆ ಮಾತ್ರ ಅವಳು ಒಂದು ಲವಂಗವನ್ನು ಹಲ್ಲಿನ ನಡುವೆ ಕಚ್ಚಿಕೊಂಡುಬಿಡುತ್ತಿದ್ದಳು. ನನ್ನನ್ನು ನೋಡಿದ ತಕ್ಷಣ ಲವಂಗ ಹಾಕಿಕೊಂಡು, ಕಣ್ಣಲ್ಲೇ ಸ್ಟೂಲು ತೋರಿಸಿದಳು. ನಾನು ಕೂರಲಿಲ್ಲ. ಬೇಲಿಯ ಕಡೆ ಮುಖ ಮಾಡಿ ನಿಂತೆ. ಅಳು ಬರುವ ಹೊತ್ತಿಗೆ ಹಿಂದೆ ಧಡ್ ಎಂದು ಸದ್ದಾಯಿತು.

ತಿರುಗಿ ನೋಡಿದರೆ ಅನ್ನದ ಗಂಜಿ ಬಸಿಯುವಾಗ ಒಬ್ಬ ಆಳಿನ ಕಾಲ ಮೇಲೆ ಗಂಜಿ ಚೆಲ್ಲಿದೆ. ಅವನು ಕಿರುಚಿಕೊಂಡು ಕೂತಿದ್ದಾನೆ. ಇನ್ನೊಬ್ಬ ಅವನನ್ನು ಎತ್ತಿಕೊಂಡು ನೀರಿನ ತೊಟ್ಟಿಯ ಕಡೆ ಓಡಿದ. ಅರ್ಧ ಬಾಗಿದ ಹಂಡೆಯ ಕಿವಿಯನ್ನು ಮಸಿಬಟ್ಟೆಯಲ್ಲಿ ಹಿಡಿದು ಚಿಕ್ಕತಾಯಮ್ಮ ಒಬ್ಬಳೇ ತಡೆದುಕೊಂಡಿದ್ದಾಳೆ. ಆಚೆ ಒಲೆಯ ಮೇಲೆ ಮದುವೆಯ ಹೆಸರುಬೇಳೆ ಪಾಯಸ, ತಿರುವುವವರಿಲ್ಲದೆ ಗುಳುಗುಳು ಅನ್ನುತ್ತಿದೆ. ಅವಳು ಸುತ್ತ ನೋಡಿದಳು. ಲವಂಗ ಎಲ್ಲಿ ಬಿತ್ತೋ ಏನೋ, "ಏಯ್! ಏನ್ ಮರದಂಗೆ ನಿಂತಿದೀಯೋ ಮೂದೇವಿ! ಪಾಯಸ ತಿರುವೋ, ತಳ ಹಿಡೀತು!" ಎಂದು ಛತ್ರಕ್ಕೆ ಕೇಳುವಂತೆ ಅರಚಿದಳು.

ನಾನು ಒಲೆಯ ಬಳಿ ಹೇಗೆ ಹೋದೆನೋ ಗೊತ್ತಿಲ್ಲ. ಸೌಟು ಕೈಯಲ್ಲಿತ್ತು. ಶಾಲು ಬೇಲಿಯ ಮೇಲೆ ಬಿದ್ದಿತ್ತು. ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸರು ಈಳಿಗೆಮಣೆಯ ಮೇಲೆ ಹಾಗೇ ಕೂತುಬಿಟ್ಟರು. ಚಿಕ್ಕತಾಯಮ್ಮ ಹಂಡೆಯನ್ನು ಇಳಿಸಿ, ಏನು ಅಂದುಬಿಟ್ಟೆ ಎಂದು ಅರಿವಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನನ್ನ ಜೀವ ಅವಳ ಬಾಯಲ್ಲಿತ್ತು. ಬೇಕಿದ್ದರೆ ಅವಳು "ನಾನು ಹೇಳಿದ್ದು ಇವರಿಗಲ್ಲ" ಅನ್ನಬಹುದಿತ್ತು, ಈರುಳ್ಳಿಯವರೂ ಹೌದೌದು ಅನ್ನುತ್ತಿದ್ದರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೊಟ್ಟೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆಮೇಲೆ ದೊಡ್ಡ ನಿಟ್ಟುಸಿರು ಬಿಟ್ಟು, "ಹೇಳಿದ್ದು ಹೇಳಾಯ್ತು," ಅಂದಳು. "ಅಡಿ ಮುಟ್ಟಿಸಿ ತಿರುವು. ಇದೇನು ದೇವ್ರಿಗೆ ಗಂಟೆ ಅಲ್ಲಾಡಿಸ್ತಿದೀಯಾ?"

ಅಂದಿನಿಂದ ಇಂದಿನವರೆಗೆ ನಾನು ಅವಳ ಗುಂಪಿನಲ್ಲೇ ಇದ್ದೇನೆ. ಈಗ ಒಗ್ಗರಣೆಯವರೆಗೆ ಬಡ್ತಿ ಸಿಕ್ಕಿದೆ, ಸಾರಿಗೆ ಉಪ್ಪು ಹಾಕಲು ಇನ್ನೂ ಬಿಡುವುದಿಲ್ಲ. ಅದು ಆಮೇಲಿನ ಮಾತು. ಆಗ ನನಗೆ ಗೊತ್ತಿದ್ದದ್ದು ಒಂದೇ, ಈ ಪಾಯಸ ಆಗುವವರೆಗೆ ಸೌಟು ಬಿಡುವಂತಿಲ್ಲ. ತೋಳು ನೋಯತೊಡಗಿತು, ಹೊಗೆ ಕಣ್ಣಿಗೆ ಬಂತು, ಬೇಳೆ ಬೇಯುವ ಸೂಚನೆಯೇ ಇಲ್ಲ. ಆದರೂ ಮೈಯೆಲ್ಲ ಖುಷಿ. ಕೈ ಮರೆತಿರಲಿಲ್ಲ. ಅಥವಾ ಮರೆಯಲು ಅದಕ್ಕೇನೂ ಗೊತ್ತೇ ಇರಲಿಲ್ಲ, ಹೊಸದಾಗಿ ಕಲಿಯುತ್ತಿತ್ತು. ಅಷ್ಟರಲ್ಲಿ ಒಳಗೆ ವಾಲಗದವರು ಗಟ್ಟಿಮೇಳಕ್ಕೆ ಶ್ರುತಿ ಸರಿಮಾಡಿಕೊಳ್ಳುವುದು ಕೇಳಿಸಿತು. ಧಾರೆಯ ಹೊತ್ತು! ಸೌಟು ಬಿಟ್ಟು ಓಡಿದರೆ ಮತ್ತೆ ನೆಂಟ, ಓಡದಿದ್ದರೆ ಬೋರಣ್ಣ ಧಾರೆ ಎರೆಯುತ್ತಾನೆ. ಇಂಥ ಇಕ್ಕಟ್ಟು ನನ್ನಂಥವನಿಗಲ್ಲದೆ ಇನ್ಯಾರಿಗೆ ಬಂದೀತು?

ಈರುಳ್ಳಿ ಹೆಚ್ಚುತ್ತಿದ್ದವರಲ್ಲಿ ಒಬ್ಬಳು ಎದ್ದು ಒಳಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಮೊದಲು ಕೇಳಿಸಿದ್ದು ಬಳೆಯ ಸದ್ದು, ಆಮೇಲೆ ಧ್ವನಿ. "ರೀ! ನಿಮಗೇನಾದ್ರೂ ಬುದ್ಧಿ ಗಿದ್ಧಿ ಇದ್ಯೇನ್ರೀ? ಅಲ್ಲಿ ಮಗಳು ಹಸೆಮಣೆ ಮೇಲೆ ನಿಂತಿದಾಳೆ, ನೀವಿಲ್ಲಿ ಹೊಸ ಪಂಚೇಗೆ ಮಸಿ ಬಳ್ಕೊಂಡು ಪಾಯಸ ತಿರುವ್ತಾ ನಿಂತಿದೀರಲ್ರೀ! ಕೆಲ್ಸ ಸಿಕ್ತು ಅಂತ ಒಂದು ಮಾತು ಹೇಳಿ ಕಳ್ಸೋಕ್ಕೆ ಏನಾಗಿತ್ತು ನಿಮ್ಮ ಬಾಯಿಗೆ? ಬೋಂಡ ಸಿಕ್ಕಾಕ್ಕೊಂಡಿತ್ತಾ?" ಹೊಂಬಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಂಕುಮವೆಲ್ಲ ಹಣೆಗೆ ಹರಡಿಕೊಂಡು, ಅಷ್ಟು ಕಾಲದಿಂದ ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಉಪ್ಪಿಟ್ಟಿಗೆ ಬುದ್ಧಿ ಹೇಳಿದ್ದು, ಅಕ್ಕಿ ಮೂಟೆ, ಕುರ್ಚಿ, ಹೊಟ್ಟೆ, ಏನನ್ನೂ ಬಿಡಲಿಲ್ಲ. ಬೈಯುತ್ತಾ ಬೈಯುತ್ತಾ ಅವಳು ಅಳುತ್ತಿದ್ದಳು. ನಾನೂ ಅಳುತ್ತಿದ್ದೆ. "ಆ ಕಡೆ ಮುಖ ತಿರುಗಿಸ್ಕೊಂಡು ಅಳು," ಅಂದಳು ಚಿಕ್ಕತಾಯಮ್ಮ. "ಪಾಯಸ ಉಪ್ಪಾಗುತ್ತೆ."

"ಬನ್ರೀ ಬೇಗ!" ಎಂದು ಹೊಂಬಮ್ಮ ಕೈ ಹಿಡಿದು ಎಳೆದಳು. ಚಿಕ್ಕತಾಯಮ್ಮ ತಲೆಯಾಡಿಸಿದಳು. "ಅವ್ನು ಬರಂಗಿಲ್ಲ ಕಣಮ್ಮ. ಬೇಳೆ ಇನ್ನೂ ಬೆಂದಿಲ್ಲ." ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಹೊಂಬಮ್ಮ ತಿರುಗಿ ಛತ್ರದ ಒಳಗೆ ಹೋದಳು. ಎಲ್ಲಾ ಮುಗಿಯಿತು ಅಂದುಕೊಂಡು ಸೌಟನ್ನು ಗಟ್ಟಿಯಾಗಿ ಹಿಡಿದು ತಿರುವುತ್ತಲೇ ನಿಂತೆ.

ಸ್ವಲ್ಪ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಗಲಾಟೆ. ಮುಂದೆ ಹೊಂಬಮ್ಮ, ಅವಳ ಹಿಂದೆ ಬಾಸಿಂಗ ಕಟ್ಟಿಕೊಂಡ ಕೋಮಲ, ಬಾಗಿಲಿಗೆ ತಲೆ ತಗಲದಂತೆ ಬಾಗಿದ ಅಳಿಯ, ಉಸಿರು ಬಿಡುತ್ತಾ ಪುರೋಹಿತರು, ಅವರ ಹಿಂದೆ ಹಾಲಿನ ಗಿಂಡಿ ಹಿಡಿದ ಬೋರಣ್ಣ, ಪೇಟ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವನ ಮುಖದಲ್ಲಿ ನನಗಿಂತ ಹೆಚ್ಚು ಸಮಾಧಾನ ಕಂಡಿತು. ಊರೆಲ್ಲ ಹಿಂದೆ ಹಿಂದೆ ಬಂದು ಸೌದೆಯ ರಾಶಿಯ ಮೇಲೆಲ್ಲ ಹತ್ತಿ ನಿಂತಿತು. ಪುರೋಹಿತರು "ಒಲೆಯೂ ಅಗ್ನಿಯೇ, ಆಗಲಿ ಬೇಗ, ಮುಹೂರ್ತ ಜಾರುತ್ತೆ" ಅಂದರು. ಬೋರಣ್ಣ ಗಿಂಡಿಯನ್ನು ನನ್ನ ಬಲಗೈಗೆ ಕೊಟ್ಟ. ಎಡಗೈ ಸೌಟಿನ ಮೇಲೆಯೇ ಇತ್ತು. ಹೊಂಬಮ್ಮ ನನ್ನ ಬಲಗೈ ಕೆಳಗೆ ತನ್ನ ಕೈ ಇಟ್ಟಳು. ಹುಡುಗ ಹುಡುಗಿ ಕೈ ಕೂಡಿಸಿ ಹಿಡಿದರು, ವಾಲಗದವರು ಹೊಗೆಯಲ್ಲಿ ಕೆಮ್ಮುತ್ತಲೇ ಗಟ್ಟಿಮೇಳ ಬಾರಿಸಿದರು. ನಾನು ಹಾಲು ಎರೆಯತೊಡಗಿದೆ. ಎಡಗೈ ತಿರುವಿದಂತೆ ಬಲಗೈಯೂ ತಿರುಗುತ್ತಿತ್ತು, ಕಣ್ಣು ಮಂಜಾಗಿ ಏನೂ ಕಾಣುತ್ತಿರಲಿಲ್ಲ.

ಕೋಮಲ ಬಾಸಿಂಗವನ್ನು ಮೇಲೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣೂ ತುಂಬಿತ್ತು. "ನೆಟ್ಟಗೆ ಹುಯ್ಯಪ್ಪಾ, ನನ್ನ ಸೀರೆ ಮೇಲೆಲ್ಲ ಚೆಲ್ತಿದೀಯ," ಅಂದಳು.

ನಾನು ನೆಟ್ಟಗೆ ಹುಯ್ದೆ.